ನಲವತ್ತಮೂರು ಮನೆಗಳ ನೀರುಗಂಟಿ

ನನ್ನ ಮಗನನ್ನು ಸಾವಿನ ಹೊಸ್ತಿಲಿಗೆ ನೂಕಿದವರೂ ಅಲ್ಲಿಂದ ಎಳೆದು ತಂದವರೂ ಒಬ್ಬರೇ. ಅವರ ಕಾಲಿಗೆ ಬೀಳಬೇಕೋ, ಅವರಿಗೆ ಬಾಯಿಗೆ ಬಂದಂತೆ ಬೈಯಬೇಕೋ ಇನ್ನೂ ಬಗೆಹರಿದಿಲ್ಲ. ಎರಡನ್ನೂ ಮಾಡಿದ್ದೇನೆ, ಅದೂ ಒಂದೇ ದಿನ, ಒಂದು ಗಂಟೆಯ ಅಂತರದಲ್ಲಿ.

ಅವರ ಹೆಸರು ತರ್ಮಿನಿ. ಜಾವಾದ ಸಲತಿಗಾ ಊರಿನ ನಮ್ಮ ಓಣಿಯಲ್ಲಿ ಹಿರಿಯರಿಗೂ ಕಿರಿಯರಿಗೂ ಬು ತರ್ಮಿನಿ. ಬು ಅಂದರೆ ಅಮ್ಮ. ಅವರಿಗೆ ಮಕ್ಕಳಿಲ್ಲ, ಗಂಡ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಐವತ್ತೆಂಟರ ಗಟ್ಟಿ ಹೆಂಗಸು. ಬಣ್ಣಗೆಟ್ಟ ಹೂವಿನ ನೈಟಿ, ದಾರ ಕಟ್ಟಿ ಕೊರಳಿಗೆ ತೂಗುಬಿಟ್ಟ ಕನ್ನಡಕ. ಅಡುಗೆಮನೆಯ ಗೂಡಿನಲ್ಲಿ, ಅನ್ನದ ಕುಕ್ಕರಿಗೂ ಹಪ್ಪಳದ ಡಬ್ಬಿಗೂ ನಡುವೆ, ಹಸಿರು ದೀಪ ಮಿಣುಕಿಸುತ್ತ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದು ಕೂತಿರುತ್ತದೆ. ಓಣಿಯ ನಲವತ್ತಮೂರು ಮನೆಗಳ ಇಂಟರ್ನೆಟ್ ಬರುವುದು ಆ ಒಂದು ಪೆಟ್ಟಿಗೆಯಿಂದ. ಕಂಪನಿಯಿಂದ ಬರುವುದು ಒಂದೇ ಲೈನು. ಅದನ್ನು ಪಾಲು ಮಾಡುವವರು ಬು ತರ್ಮಿನಿ.

ಪಾಲು ಮಾಡುವ ಕೆಲಸ ಅವರಿಗೆ ಹುಟ್ಟಿನಿಂದ ಬಂದದ್ದು. ಅವರಪ್ಪ ಮೆರ್ಬಾಬು ಬೆಟ್ಟದ ಬುಡದ ಹಳ್ಳಿಯಲ್ಲಿ ನೀರುಗಂಟಿ. ಯಾರ ಗದ್ದೆಗೆ ಯಾವ ಹೊತ್ತಿಗೆ ಎಷ್ಟು ನೀರು ಎಂದು ತೂಬು ಎತ್ತುವವನು, ಇಳಿಸುವವನು. ಗುದ್ದಲಿ ಹೊತ್ತು ಅಪ್ಪನ ಹಿಂದೆ ಬದುವಿನ ಮೇಲೆ ನಡೆದ ಹುಡುಗಿ ಈಕೆ. “ಮೊದ್ಲು ಸಸಿಮಡಿಗೆ, ಆಮೇಲೆ ಗದ್ದೆಗೆ, ಕಡೆಗೆ ಮೀನಿನ ಹೊಂಡಕ್ಕೆ. ಹೊಂಡದ ಯಜಮಾನ ಎಷ್ಟು ದೊಡ್ಡ ಮನುಷ್ಯ ಆದ್ರೂ ಅವನ ಸರದಿ ಕಡೇಗೇ,” ಎಂದು ಅಪ್ಪ ಹೇಳುತ್ತಿದ್ದರಂತೆ.

ಮದುವೆಯಾಗಿ ಊರಿಗೆ ಬಂದರು. ಗಂಡ ಸತ್ತ ಮೇಲೆ ಟೆಲಿಫೋನ್ ಅಂಗಡಿ ಇಟ್ಟರು. ನಾಲ್ಕು ಗಾಜಿನ ಗೂಡು, ನಾಲ್ಕು ಫೋನು. ಒಳಗೆ ಹುಡುಗನೊಬ್ಬ ಹುಡುಗಿಯ ಜೊತೆ ಗಂಟೆಗಟ್ಟಲೆ ಪಿಸುಗುಡುತ್ತಿದ್ದಾಗ ಹೊರಗೆ ಆಸ್ಪತ್ರೆಗೆ ಫೋನು ಮಾಡಬೇಕಾದ ತಾಯಿ ನಿಂತಿದ್ದರೆ ಬು ತರ್ಮಿನಿ ಗಾಜಿಗೆ ಬೆರಳಿನಿಂದ ಕುಟ್ಟುತ್ತಿದ್ದರು. “ನಿನ್ನ ಪ್ರೀತಿ ಹತ್ತು ನಿಮಿಷ ಕಾಯ್ತದೆ. ಕಾಯದಿದ್ರೆ ಅದು ಪ್ರೀತಿ ಅಲ್ಲ. ಈಚೆ ಬಾ!” ಹೀಗೆ ಗಾಜು ಕುಟ್ಟಿಸಿಕೊಂಡವರಲ್ಲಿ ನನ್ನ ಗಂಡನೂ ಒಬ್ಬ, ಹದಿನೇಳರ ವಯಸ್ಸಿನಲ್ಲಿ. ಆ ಹುಡುಗಿ ನಾನಲ್ಲ.

ಎಲ್ಲರ ಕೈಗೂ ಮೊಬೈಲು ಬಂತು, ಅಂಗಡಿ ಬರಿದಾಯಿತು. ಆಗ ಓಣಿಯ ಹಿರಿಯರನ್ನು ಒಪ್ಪಿಸಿ, ಬಟ್ಟೆ ಒಣಹಾಕುವ ತಂತಿಗಳ ಗುಂಟ ಕೇಬಲ್ ಎಳೆಸಿ ಮನೆಮನೆಗೆ ಇಂಟರ್ನೆಟ್ ಕೊಟ್ಟರು. ಮೊದಲ ತಿಂಗಳೇ ಓಣಿಯಲ್ಲಿ ಜಗಳ ಎದ್ದಿತು. ಮೂಲೆಮನೆಯ ಬು ಕಸಿಯಾತಿಯ ದೊಡ್ಡ ಮಗ ಸಿನಿಮಾ ಇಳಿಸಿಕೊಳ್ಳಲು ಕೂತರೆ ಉಳಿದ ನಲವತ್ತೆರಡು ಮನೆ ಒಣಗುತ್ತಿದ್ದವು. ಬು ತರ್ಮಿನಿ ಫೈರ್‌ವಾಲ್ ಅನ್ನುವ ಆ ಪೆಟ್ಟಿಗೆ ತಂದಿಟ್ಟು, ನಾಲ್ಕು ತಿಂಗಳು ಅದರ ಮುಂದೆ ಕೂತು, ಒಬ್ಬರೇ ಕಲಿತರು. ಅವರ ನೋಟ್‌ಪುಸ್ತಕವನ್ನು ನಾನು ನೋಡಿದ್ದೇನೆ. ಅದರ ತುಂಬ ಕಾಲುವೆಗಳ ಚಿತ್ರ. ದೊಡ್ಡ ಕಾಲುವೆ, ಕವಲು, ತೂಬು, ಪ್ರತಿ ತೂಬಿನ ಪಕ್ಕ ಎರಡು ಅಂಕಿ: ಏನೇ ಆದರೂ ಈ ಮನೆಗೆ ಇಷ್ಟು ಸಿಗಲೇಬೇಕು, ಎಷ್ಟೇ ಉಳಿದಿದ್ದರೂ ಇಷ್ಟಕ್ಕಿಂತ ಹೆಚ್ಚು ಹೋಗಕೂಡದು. ಮೊದಲು ಮಾತು, ಆಮೇಲೆ ಪಾಠ, ಆಮೇಲೆ ಸಿನಿಮಾ, ಕಡೆಗೆ ಬು ಕಸಿಯಾತಿಯ ಮಗ. ಕಂಪನಿಯಿಂದ ಬಂದ ರಿಪೇರಿಯವನು ಪುಸ್ತಕ ನೋಡಿ ನಕ್ಕನಂತೆ.

“ಬು, ಇದೇನು ಗದ್ದೆಯ ನಕ್ಷೆಯೋ, ನೆಟ್‌ವರ್ಕಿನ ನಕ್ಷೆಯೋ?”

“ನಿನಗೆ ಎರಡೂ ಗೊತ್ತಿಲ್ಲವಲ್ಲಪ್ಪ, ಯಾವುದಾದ್ರೇನು?”

ಪೆಟ್ಟಿಗೆಯಲ್ಲಿ ಪ್ರತಿ ತೂಬಿಗೂ ಒಂದು ಹೆಸರು ಕೊಡಬೇಕು. ಬು ತರ್ಮಿನಿ ಕೊಟ್ಟದ್ದು ಮಕ್ಕಳ ಹೆಸರು. ನಮ್ಮಲ್ಲಿ ಮಗು ಹುಟ್ಟಿದ ಮೇಲೆ ತಾಯಿಯ ಹೆಸರು ಯಾರಿಗೆ ನೆನಪಿರುತ್ತದೆ? ನನ್ನ ಹೆಸರು ವೆನಿಂಗ್ ಎಂದು ಓಣಿಯಲ್ಲಿ ಮೂರು ಜನಕ್ಕೆ ಗೊತ್ತಿರಬಹುದು. ಉಳಿದವರಿಗೆ ನಾನು ಇಂಥವನ ಬು, ಅಷ್ಟೇ. ಆ ಇಂಥವನ ಮೊದಲ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಂಬಿಕೆಯಿಂದ ಅಲ್ಲ, ಭಯದಿಂದ. ಅದೊಂದು ಹಳೆಯ ರಾಜನ ಹೆಸರು ಅಂದರೆ ಸಾಕು.

ಮಗ ಏಳನೇ ತಿಂಗಳಿಗೇ ಹುಟ್ಟಿದ. ಶ್ವಾಸಕೋಶ ಬಲಿತಿರಲಿಲ್ಲ. ಮನೆಗೆ ಬಂದ ಮೇಲೂ ಮೂಗಿನಲ್ಲಿ ಸಣ್ಣ ನಳಿಗೆ, ಮಂಚದ ಪಕ್ಕ ಆಕ್ಸಿಜನ್ ಸಿಲಿಂಡರ್. ಹತ್ತನೇ ತಿಂಗಳಿಗೆ ನಾನು ಕೆಲಸಕ್ಕೆ ಮರಳಬೇಕಾಯಿತು. ಊರಾಚೆಯ ಬಟ್ಟೆ ಗಿರಣಿಯಲ್ಲಿ ಬಣ್ಣ ಪರೀಕ್ಷಿಸುವ ಕೋಣೆ ನನ್ನದು, ಮನೆಯಿಂದ ಬೈಕಿನಲ್ಲಿ ಅರ್ಧ ಗಂಟೆ. ಗಂಡ ಕಲಿಮಂತಾನ್ ದ್ವೀಪದ ಗಣಿಯಲ್ಲಿ, ಬರುವುದು ಎರಡು ತಿಂಗಳಿಗೊಮ್ಮೆ. ಮನೆಯಲ್ಲಿ ಅತ್ತೆ, ಅವರಿಗೆ ಕಿವಿ ಅಷ್ಟಕ್ಕಷ್ಟೆ. ಹಾಗಾಗಿ ಮಗುವಿನ ಪಾದಕ್ಕೆ ಕಟ್ಟುವ ಪಟ್ಟಿಯೊಂದನ್ನು ತರಿಸಿದೆ. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಅದು ಅಳೆದು ವೈಫೈ ಮೂಲಕ ನನ್ನ ಮೊಬೈಲಿಗೆ ಕಳಿಸುತ್ತದೆ. ತೊಂಬತ್ತಕ್ಕಿಂತ ಕೆಳಗೆ ಬಿದ್ದರೆ ಮೊಬೈಲು ಕೂಗುತ್ತದೆ. ನಾನು ಅದನ್ನು ದಿನಕ್ಕೆ ಇನ್ನೂರು ಸಲ ನೋಡುತ್ತಿದ್ದೆ. ಉತ್ಪ್ರೇಕ್ಷೆ ಅಲ್ಲ, ಒಂದು ದಿನ ಲೆಕ್ಕ ಇಟ್ಟಿದ್ದೆ.

ಅದಕ್ಕಾಗಿ ಬು ತರ್ಮಿನಿಯ ಅಡುಗೆಮನೆಗೆ ಹೋಗಿ ಬೇಡಿಕೊಂಡಿದ್ದೆ.

“ನೆಟ್ ನಿಂತುಹೋದ್ರೆ ಬು? ಎಲ್ಲರೂ ಒಂದೇ ಸಲ ಸಿನಿಮಾ ಹಾಕಿದ್ರೆ? ಕಸಿಯಾತಿ ಮಗ...”

“ಕೂತ್ಕೋ ನ್ದುಕ್.” ಚಿಕ್ಕ ಹೆಣ್ಣುಮಕ್ಕಳನ್ನು ನಮ್ಮಲ್ಲಿ ಹಿರಿಯರು ಹಾಗೆ ಕರೆಯುತ್ತಾರೆ, ನ್ದುಕ್. “ಇಲ್ಲಿ ನೋಡು. ನಿನ್ನ ಆ ಪಟ್ಟಿಗೆ ಬೇಕಾದ್ದು ಬೆರಳು ಗಾತ್ರದ ನೀರು. ಸಿನಿಮಾದ ಮುಂದೆ ಅದು ಏನೂ ಅಲ್ಲ. ಆದ್ರೆ ಊರಿಗೆ ಬರ ಬಂದ್ರೂ ಈ ಬೆರಳು ನಿಲ್ಲಬಾರ್ದು, ತಾನೇ? ಎಲ್ಲರಿಗಿಂತ ಮುಂಚೆ ಇದು. ಮಾತಿಗಿಂತ ಮುಂಚೆ. ನನಗಿಂತ ಮುಂಚೆ.” ನನ್ನೆದುರಿಗೇ ಒಂದು ತೂಬು ಬರೆದು, ಮಗನ ಹೆಸರು ಟೈಪು ಮಾಡಿ, ಎಲ್ಲಕ್ಕಿಂತ ಮೇಲಕ್ಕೆ ಏರಿಸಿದರು. “ಈಗ ಹೋಗಿ ಮಲಗು. ನಿನ್ನ ಕಣ್ಣ ಕೆಳಗೆ ನೋಡ್ಕೊಂಡಿದ್ದೀಯಾ? ಕಾಡಿಗೆ ಹಚ್ಚಿದ ಹಾಗಿದೆ.”

ನಾಲ್ಕು ತಿಂಗಳು ಆ ಬೆರಳು ನಿಲ್ಲಲಿಲ್ಲ.

ಆದರೆ ಮಗುವಿಗೆ ಮತ್ತೆಮತ್ತೆ ಕಾಯಿಲೆ. ಮೇ ತಿಂಗಳೊಂದರಲ್ಲೇ ಎರಡು ಸಲ ಆಸ್ಪತ್ರೆ. ಎರಡನೇ ಸಲ ಕರಕೊಂಡು ಬಂದ ದಿನ ಅತ್ತೆ ಸೊಪ್ಪು ಸೋಸುತ್ತ ತಲೆಯೆತ್ತದೆ ಹೇಳಿದರು: “ಹೆಸರು ಭಾರ ಆಗಿದೆ.”

ನನಗೆ ತಕ್ಷಣ ಅರ್ಥವಾಯಿತು. ನಾನು ಸೆಮಾರಾಂಗ್ ಪಟ್ಟಣದಲ್ಲಿ ಓದಿದವಳಾದರೂ ಜಾವಾದವಳೇ. ದೊಡ್ಡವರ ಹೆಸರನ್ನು ಸಣ್ಣ ಮೈ ಹೊರಲಾರದೆ ಹೋದರೆ ಮಗು ಕಾಯಿಲೆ ಬೀಳುತ್ತದೆ, ಆಗ ಹೆಸರು ಇಳಿಸಿ ಹಗುರವಾದದ್ದು ಕೊಡಬೇಕು. ನಮ್ಮಜ್ಜಿಯ ಕಾಲದಿಂದ ಕೇಳಿಕೊಂಡು ಬಂದ ಮಾತು.

“ಶ್ವಾಸಕೋಶದ ಕಾಯಿಲೆ ಬು. ಹೆಸರಿಗೂ ಅದಕ್ಕೂ ಏನು ಸಂಬಂಧ?” ಎಂದೆ.

“ಶ್ವಾಸಕೋಶ ಯಾವುದನ್ನ ಹೊತ್ಕೊಂಡಿದೆ ಮತ್ತೆ?”

ಗಂಡನಿಗೆ ಫೋನು ಮಾಡಿ ಅತ್ತುಬಿಟ್ಟೆ. “ಹೆಸರು ಇಳಿಸೋದು ಅಂದ್ರೆ ಗಂಜಿ ಮಾಡಿ ಹಂಚೋದು ತಾನೇ ವೆನಿಂಗ್, ಮಾಡಿಸ್ಬಿಡು. ಅಮ್ಮನ ಮನಸ್ಸಿಗೆ ಸಮಾಧಾನ ಆಗ್ಲಿ,” ಎಂದ. ಯಾರ ಮನಸ್ಸಿಗೆ ಸಮಾಧಾನ ಬೇಡವಾಗಿತ್ತು? ನನಗೂ ಒಳಗೊಳಗೇ ಬೇಕಿತ್ತು. ಯಾವುದಾದರೂ ಸರಿ, ಏನಾದರೂ ಸರಿ ಅನ್ನಿಸುವ ಸ್ಥಿತಿಗೆ ಬಂದಿದ್ದೆ.

ಮಗ ಹುಟ್ಟಿದ್ದು ಪಾಹಿಂಗ್ ಬಿದ್ದ ಶುಕ್ರವಾರ. ನಮ್ಮ ಸಂತೆಯ ದಿನಗಳು ಐದು, ಪಾಹಿಂಗ್ ಅವುಗಳಲ್ಲೊಂದು, ಅವು ವಾರದ ಜೊತೆ ಹೆಣೆದುಕೊಂಡು ತಿರುಗುತ್ತವೆ. ಮೂವತ್ತೈದು ದಿನಕ್ಕೊಮ್ಮೆ ಹುಟ್ಟಿದ ದಿನ ಮರಳಿ ಬರುತ್ತದೆ. ಜೂನ್‌ನಲ್ಲಿ ಅದು ಬಂದ ದಿನ ಅಕ್ಕಿಯ ಬಿಳಿ ಗಂಜಿ, ಬೆಲ್ಲ ಹಾಕಿದ ಕೆಂಪು ಗಂಜಿ ಮಾಡಿದೆವು. ಓಣಿಯವರು ಚಾಪೆಯ ಮೇಲೆ ಕೂತು ತಿಂದು, ಒಬ್ಬೊಬ್ಬರಾಗಿ ಮಗುವನ್ನು ಹೊಸ ಹೆಸರಿನಿಂದ ಕರೆದರು: ವಲುಯೋ. ಗುಣವಾದವನು ಎಂದು ಅರ್ಥ. ಬು ಕಸಿಯಾತಿ ನನ್ನ ಸೊಂಟಕ್ಕೆ ತಿವಿದು, “ಏನ್ ಬು ವಲುಯೋ, ರಾಜಮಾತೆ ಪದವಿ ಹೋಯ್ತಲ್ಲ!” ಎಂದರು. ಎಲ್ಲರೂ ನಕ್ಕರು. ನನಗೆ ಅಳು ಬಂತು.

ಬು ತರ್ಮಿನಿ ಮಾತ್ರ ನಗಲಿಲ್ಲ. ಹತ್ತಿರ ಬಂದು ಪಿಸುಮಾತಿನಲ್ಲಿ ಕೇಳಿದರು: “ನ್ದುಕ್, ಹಳೇ ಹೆಸರು ಎಲ್ಲೆಲ್ಲಿ ಬರೆದಿದೆ?”

ಔಷಧದ ಬಾಟಲಿ, ಟವೆಲು, ದಿಂಬಿನ ಚೀಲ ಎಂದೆ. ಬಾಟಲಿಯ ಚೀಟಿಗಳನ್ನು ಅವರೇ ಕೆರೆದು ತೆಗೆದರು. ಕಿಟಕಿಯ ಹತ್ತಿರ ಕೂತು, ಕನ್ನಡಕ ಏರಿಸಿ, ದಿಂಬಿನ ಮೇಲೆ ನಾನು ಹಾಕಿದ್ದ ನೀಲಿ ಕಸೂತಿಯನ್ನು ಬ್ಲೇಡಿನಿಂದ ಎಳೆ ಎಳೆಯಾಗಿ ಬಿಚ್ಚಿದರು. ಸ್ವಂತ ಅಜ್ಜಿಯೂ ಇಷ್ಟು ಮಾಡುವುದಿಲ್ಲ ಅನ್ನಿಸಿತು. ಮನೆಗೆ ಹೋಗಿ ಅವರು ಇನ್ನೇನು ಮಾಡಿದರು ಎಂದು ನನಗೆ ಹೇಗೆ ಗೊತ್ತಾಗಬೇಕು?

ಸೋಮವಾರ. ಸರ್ಕಾರಿ ಶಾಲೆಗಳ ಏಳನೇ ತರಗತಿಗೆ ಇಂಟರ್ನೆಟ್ಟಿನಲ್ಲಿ ಹೆಸರು ದಾಖಲಿಸುವುದು ಅಂದು ಬೆಳಿಗ್ಗೆ ಎಂಟಕ್ಕೆ ಶುರು. ನಮ್ಮ ಓಣಿಯಲ್ಲೇ ಹತ್ತೊಂಬತ್ತು ಮಕ್ಕಳು. ನಾನು ಏಳೂವರೆಗೆ ಗಿರಣಿಗೆ ಹೊರಟಾಗ ಬು ತರ್ಮಿನಿಯ ಪಡಸಾಲೆ ತುಂಬಿತ್ತು. ತಾಯಂದಿರು ಮೊಬೈಲು ಹಿಡಿದು, ಮಕ್ಕಳ ಕಾಗದಗಳನ್ನು ಎದೆಗವಚಿಕೊಂಡು ಕೂತಿದ್ದರು. ಬು ತರ್ಮಿನಿ ಎಲ್ಲರಿಗೂ ಸಿಹಿ ಚಹಾ ಕೊಡುತ್ತಿದ್ದರು. “ನಿಮಗೆ ಹೆದರಿಕೆ ಬೇಡ. ಶಾಲೆಗೆ ಹೋಗೋ ದಾರಿ ಪೂರಾ ತೆರೆದಿಟ್ಟಿದ್ದೀನಿ!” ಎಂದು ಕೂಗಿ ಹೇಳಿದ್ದು ನನಗೂ ಕೇಳಿಸಿತು.

ಎಂಟು ಹತ್ತಕ್ಕೆ ಮೊಬೈಲು ನೋಡಿದೆ. ತೊಂಬತ್ತಾರು. ಬಟ್ಟೆ ತುಂಡೊಂದನ್ನು ಬಣ್ಣದಲ್ಲಿ ಅದ್ದಿಟ್ಟು ಎಂಟೂಕಾಲಿಗೆ ನೋಡಿದೆ. ತೊಂಬತ್ತಾರು. ಎಂಟೂವರೆಗೆ ತೊಂಬತ್ತಾರು. ಇಷ್ಟು ದಿನ ಆ ಅಂಕಿ ತೊಂಬತ್ತೆರಡಕ್ಕೆ ಇಳಿದು, ತೊಂಬತ್ತೈದಕ್ಕೆ ಏರಿ ನನ್ನ ಜೀವ ಹಿಂಡುತ್ತಿತ್ತು. ಅಂದು ದೀಪದ ಹಾಗೆ ನಿಂತಿತ್ತು. ನನ್ನ ಎದೆ ಹಗುರವಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅತ್ತೆಗೆ ಮನಸ್ಸಿನಲ್ಲೇ ಕೈಮುಗಿದೆ. ಪಕ್ಕದ ಮೇಜಿನ ಉತಾರಿಗೆ ಮೊಬೈಲು ತೋರಿಸಿದೆ.

“ನೋಡೇ ಇವತ್ತು. ಎಷ್ಟು ಚೆನ್ನಾಗಿ ನಿಂತಿದೆ. ಹೆಸರು ಇಳಿಸಿದ್ದು ಕೆಲಸ ಮಾಡ್ತೋ ಏನೋ.”

ಉತಾರಿ ನೋಡಿದಳು. ಇನ್ನೊಂದು ಸಲ ನೋಡಿದಳು. ಅವಳ ಕೈಯಲ್ಲಿ ಬಣ್ಣದ ಪುಡಿ ತೂಗುವ ಚಮಚ ಇತ್ತು.

“ಇದು ಅಲುಗಾಡ್ತಾನೇ ಇಲ್ವಲ್ಲ ವೆನಿಂಗ್. ನಮ್ಮ ತಕ್ಕಡಿ ಹೀಗೆ ಒಂದೇ ಅಂಕಿ ಹಿಡ್ಕೊಂಡು ಕೂತ್ರೆ ನಾವೇನಂತೀವಿ?”

ನಾವೇನಂತೀವಿ? ಕೆಟ್ಟಿದೆ ಅಂತೀವಿ. ಜೀವ ಇರುವ ಮಗುವಿನ ಅಂಕಿ ಕುಣಿಯುತ್ತಿರುತ್ತದೆ. ಇದು ಕಡೆಯ ಸಲ ಬಂದ ಅಂಕಿಯನ್ನೇ ತೋರಿಸುತ್ತ ಕೂತಿತ್ತು. ಎಷ್ಟು ಹೊತ್ತಿನಿಂದ? ಎಂಟು ಹತ್ತರಿಂದಲೋ, ಎಂಟರಿಂದಲೋ?

ಅತ್ತೆಯ ಮೊಬೈಲಿಗೆ ಮಾಡಿದೆ. ಅದು ಮನೆಯ ವೈಫೈಯಲ್ಲಿ ಮಾತ್ರ ಕೆಲಸ ಮಾಡುವಂಥದ್ದು. ಹೋಗಲೇ ಇಲ್ಲ. ಬು ತರ್ಮಿನಿಯ ಹಳೆಯ ಗುಂಡಿಯ ಫೋನಿಗೆ ಮಾಡಿದೆ. ಎತ್ತಿದರು. ಹಿಂದೆ ಹೆಂಗಸರ ಗದ್ದಲ, “ನನ್ನ ಅರ್ಜಿ ಹೋಯ್ತು! ನನ್ನದು ಹೋಯ್ತು!” ಎಂದು ಯಾರೋ ಖುಷಿಯಿಂದ ಕೂಗುತ್ತಿದ್ದರು.

“ಬು, ಅಂಕಿ ಕದಲ್ತಿಲ್ಲ,” ಎಂದೆ.

ಅವರು ಏನು, ಯಾಕೆ, ಯಾವ ಅಂಕಿ ಎಂದು ಕೇಳಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಒಂದು ಕುರ್ಚಿ ಬಿದ್ದ ಸದ್ದು. ಗಾಜಿನ ಲೋಟಗಳು ಉರುಳಿದ ಸದ್ದು. ಆಮೇಲೆ ಬರಿಗಾಲಿನ ದಬದಬ. ಫೋನನ್ನು ಅವರು ಆರಿಸಿರಲಿಲ್ಲ, ಮುಷ್ಟಿಯಲ್ಲಿ ಹಿಡಿದೇ ಓಡುತ್ತಿದ್ದರು. ನಾನು ಗಿರಣಿಯ ಮೆಟ್ಟಿಲಿಳಿಯುತ್ತ ಅದನ್ನು ಕಿವಿಗೆ ಒತ್ತಿಕೊಂಡಿದ್ದೆ. ಓಣಿಯ ಕೋಳಿಗಳು ಕೇಳಿಸಿದವು. ಅವರ ಏದುಸಿರು ಕೇಳಿಸಿತು. ನಮ್ಮ ಮನೆಯ ಬಾಗಿಲು ಕಿರ್ ಎಂದಿತು. “ಏನೇ ತರ್ಮಿನಿ, ಹೀಗೆ ಓಡಿ ಬಂದೆ? ಮಗು ಮಲಗಿದೆ, ಮೆಲ್ಲಗೆ,” ಎಂದು ಅತ್ತೆಯ ದನಿ.

ಆಮೇಲೆ ಏನೂ ಇಲ್ಲ. ಎಷ್ಟು ಹೊತ್ತು ಏನೂ ಇರಲಿಲ್ಲವೋ ನಾನು ಹೇಳಲಾರೆ. ಗಿರಣಿಯ ಬೈಕ್ ನಿಲ್ಲಿಸುವ ಜಾಗದಲ್ಲಿ ನಿಂತುಬಿಟ್ಟಿದ್ದೆ.

ಆಮೇಲೆ ಬು ತರ್ಮಿನಿ ಕೂಗಿದರು. ಮಗುವಿನ ಹೆಸರು ಹಿಡಿದು ಕೂಗಿದರು. ವಲುಯೋ ಅಂತಲ್ಲ. ಮೂರು ದಿನದ ಹಿಂದೆ ತಾವೇ ಬ್ಲೇಡು ಹಿಡಿದು ಎಳೆ ಎಳೆಯಾಗಿ ಬಿಚ್ಚಿದ್ದ ಆ ಹಳೆಯ ಹೆಸರು. ರಾಜನ ಹೆಸರು. ಪೂರ್ತಿಯಾಗಿ, ಮೂರು ಪದವನ್ನೂ ಸೇರಿಸಿ, ಮತ್ತೆ ಮತ್ತೆ ಕೂಗಿದರು, ಬಾವಿಯೊಳಕ್ಕೆ ಬಗ್ಗಿ ಕೂಗಿದ ಹಾಗೆ.

ನನ್ನ ಮಗ ಅತ್ತ.

ಬೈಕನ್ನು ಹೇಗೆ ಓಡಿಸಿದೆನೋ ತಿಳಿಯದು. ಉತಾರಿ ಹಿಂದೆ ಕೂತು ನನ್ನ ಸೊಂಟ ಹಿಡಿದಿದ್ದಳಂತೆ, ಅದೂ ನೆನಪಿಲ್ಲ. ಮನೆಗೆ ಬಂದಾಗ ಆರೋಗ್ಯ ಕೇಂದ್ರದ ನರ್ಸಮ್ಮ ಮಗುವಿನ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳುತ್ತಿದ್ದರು. ನಿದ್ದೆಯಲ್ಲಿ ಹೊರಳಿ ಮೂಗಿನ ನಳಿಗೆ ಕಳಚಿತ್ತು. ಅತ್ತೆ ಅದೇ ಕೋಣೆಯಲ್ಲಿ, ಮೂರು ಮಾರು ದೂರದಲ್ಲಿ, ಬೆನ್ನು ಹಾಕಿ ಬಟ್ಟೆ ಮಡಿಸುತ್ತಿದ್ದರು. ಸದ್ದಿಲ್ಲದೆ ಮಲಗಿದೆ ಎಂದುಕೊಂಡಿದ್ದರು. ಬು ತರ್ಮಿನಿ ನೋಡಿದಾಗ ತುಟಿ ನೇರಳೆ ಬಣ್ಣವಾಗಿತ್ತು. ನಳಿಗೆ ಸಿಕ್ಕಿಸಿ, ಅಂಗಾಲು ತಿಕ್ಕಿ, ಬೆನ್ನು ತಟ್ಟಿ, ಕೂಗಿ ಕರೆದಿದ್ದರು.

“ಈಗ ಪರವಾಗಿಲ್ಲ ಬು,” ಎಂದರು ನರ್ಸಮ್ಮ. “ಇನ್ನು ಸ್ವಲ್ಪ ತಡ ಆಗಿದ್ರೆ ನಾನು ಈ ಮಾತು ಹೇಳ್ತಿರಲಿಲ್ಲ. ನಾಳೆ ಆಸ್ಪತ್ರೆಗೆ ಒಂದು ಸಲ ತೋರಿಸಿ.” ಮರುದಿನ ಆಸ್ಪತ್ರೆಯವರೂ ಚೆನ್ನಾಗಿ ನೋಡಿ, ಏನೂ ಆಗಿಲ್ಲ ಎಂದರು.

ನಾನು ಬು ತರ್ಮಿನಿಯ ಕಾಲು ಹಿಡಿದು ಅತ್ತುಬಿಟ್ಟೆ. ಅವರ ಪಾದ ಗಾಜು ಚುಚ್ಚಿ ರಕ್ತವಾಗಿತ್ತು. ಅವರು ನನ್ನನ್ನು ಎಬ್ಬಿಸಲಿಲ್ಲ, ತಲೆ ಮುಟ್ಟಲಿಲ್ಲ. ಗೋಡೆಗೆ ಒರಗಿ ನಿಂತಿದ್ದರು.

ಒಂದು ಗಂಟೆಯ ಮೇಲೆ, ಮಗುವನ್ನು ಉತಾರಿಯ ಕೈಗೆ ಕೊಟ್ಟು, ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ತಾಯಂದಿರು ಇನ್ನೂ ಕೂತಿದ್ದರು.

“ಆ ಬೆರಳು ಹೇಗೆ ನಿಂತಿತು ಬು? ಬರ ಬಂದ್ರೂ ನಿಲ್ಲಲ್ಲ ಅಂದಿದ್ರಲ್ಲ,” ಎಂದೆ. ನನಗೆ ಸಿಟ್ಟಿರಲಿಲ್ಲ. ಪೆಟ್ಟಿಗೆ ಕೆಟ್ಟಿರಬೇಕು, ಇಲಿ ತಂತಿ ಕಡಿದಿರಬೇಕು ಎಂದುಕೊಂಡಿದ್ದೆ.

“ನಾನೇ ಅಳಿಸಿದೆ,” ಎಂದರು.

ನನಗೆ ಅರ್ಥವಾಗಲಿಲ್ಲ.

“ಆ ತೂಬಿಗೆ ಹಳೇ ಹೆಸರಿತ್ತು. ಗಂಜಿ ಉಂಡ ದಿನ ಮನೆಗೆ ಬಂದು ನೋಡಿದೆ. ಪೆಟ್ಟಿಗೆ ಕ್ಷಣಕ್ಷಣಕ್ಕೂ ಆ ಹೆಸರು ಹಿಡಿದೇ ಅವನನ್ನ ಕರೀತಿದೆ. ಹಗಲೂ ರಾತ್ರಿ. ಓಣಿಯವರೆಲ್ಲ ಬಾಯಿ ಕಟ್ಕೊಂಡು ಇದೊಂದು ಕರೀತಾ ಇದ್ರೆ ಹೇಗೆ ಬಿಡ್ತದೆ ಅದು ಮಗುನ? ತಿದ್ದಬಾರದು, ತೇಪೆ ಹಾಕಬಾರದು, ಪೂರಾ ಕಿತ್ತು ಹಾಕ್ಬೇಕು. ನಮ್ಮಮ್ಮ ಹಾಗೇ ಮಾಡ್ತಿದ್ದಳು. ಹೊಸ ಹೆಸರು ಐದು ದಿನ ಬಾಯಲ್ಲಿ ಇರಬೇಕು, ಆಮೇಲೆ ಬರೀಬೇಕು. ಬುಧವಾರ ಪಾಹಿಂಗ್ ಬರ್ತದೆ, ಅವತ್ತು ಬರೀತಿದ್ದೆ. ಐದೇ ದಿನ ನ್ದುಕ್. ಅಲ್ಲಿವರೆಗೆ ಅವನದು ಉಳಿದವರ ಕಾಲುವೇಲೇ ಹರೀತಿತ್ತು, ಅದರಲ್ಲಿ ಧಾರಾಳ ನೀರಿತ್ತು, ಶನಿವಾರ, ಭಾನುವಾರ ಏನೂ ಆಗಲಿಲ್ಲ.”

“ಇವತ್ತು?”

“ಇವತ್ತು ಇವರಿಗೆಲ್ಲ ಶಾಲೆಯ ದಾರಿ ತೆರೆದೆನಲ್ಲ. ಇದ್ದಬದ್ದ ನೀರೆಲ್ಲ ಅದಕ್ಕೇ ಬಿಟ್ಟೆ. ಉಳಿದವರ ಕಾಲುವೆ ಒಣಗ್ತು. ಅದರಲ್ಲಿ ಅವನಿದ್ದ ಅನ್ನೋದು...”

ಸಿಡಿಲು ಬಡಿದ ಹಾಗೆ ಅನ್ನುತ್ತಾರಲ್ಲ, ಹಾಗೆ ಇರಲಿಲ್ಲ ಅದು. ನಿಂತ ನೆಲ ಮೆಲ್ಲಗೆ ಪಕ್ಕಕ್ಕೆ ಸರಿದ ಹಾಗಿತ್ತು. ಇಲಿ ಕಡಿದಿದ್ದರೆ ನನಗೆ ಸಹಿಸಲು ಆಗುತ್ತಿತ್ತು. ಯಾರಾದರೂ ಹೊಟ್ಟೆಕಿಚ್ಚಿಗೆ ಮಾಡಿದ್ದರೂ ಆಗುತ್ತಿತ್ತು. ಇವರು ನನ್ನ ಮಗನ ಮೇಲಿನ ಅಕ್ಕರೆಗೆ ಅವನ ಉಸಿರಿನ ದಾರಿ ಅಳಿಸಿದ್ದರು, ಹತ್ತೊಂಬತ್ತು ಮಕ್ಕಳ ಮೇಲಿನ ಅಕ್ಕರೆಗೆ ಉಳಿದದ್ದನ್ನೂ ಮುಚ್ಚಿದ್ದರು. ನಾನು ಬೈದೆ. ಮಕ್ಕಳಿಲ್ಲದವರಿಗೆ ಎಂದೂ ಆಡಬಾರದ ಮಾತೊಂದನ್ನು ಆಡಿದೆ. ಅದನ್ನೂ ಇಲ್ಲಿ ಬರೆಯಲಾರೆ.

“ಬು ವಲುಯೋ! ನಾಲಿಗೆ ಹಿಡಿ!” ಬು ಕಸಿಯಾತಿ ಎದ್ದು ನಿಂತರು. “ಓಡಿಹೋಗಿ ಉಳಿಸಿದ್ದು ಯಾರು?”

“ಬಿಡು ಕಸಿಯಾತಿ, ಅವಳು ಬೈಲಿ. ಸರಿಯಾಗೇ ಇದೆ,” ಎಂದರು ಬು ತರ್ಮಿನಿ.

ನನ್ನ ಮಾತು ಕೇಳಿ ನನಗೇ ದಿಗಿಲಾಗಿ ಮನೆಗೆ ಓಡಿದೆ. ಅಂದು ರಜೆ ಹಾಕಿದೆ, ಮರುದಿನವೂ ಹಾಕಿದೆ. ಮೊಬೈಲಿನ ಅಂಕಿಯನ್ನು ನಂಬದೆ ಮಗುವಿನ ಎದೆಯ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದೆ.

ಮಂಗಳವಾರ ಆಸ್ಪತ್ರೆಯಿಂದ ಬರುವ ಹೊತ್ತಿಗೆ ಬು ತರ್ಮಿನಿ ನಮ್ಮ ಮೆಟ್ಟಿಲ ಮೇಲೆ ಕೂತಿದ್ದರು, ಪಾದಕ್ಕೆ ಬಟ್ಟೆ ಸುತ್ತಿಕೊಂಡು. ಮಡಿಲಲ್ಲಿ ಅಡುಗೆಮನೆಯ ಬೀಗದ ಕೈ, ಕಾಲುವೆಗಳ ನೋಟ್‌ಪುಸ್ತಕ.

“ಇದನ್ನ ನೀನು ತಗೋ. ಓದಿದವಳು, ನಾಲ್ಕು ದಿನದಲ್ಲಿ ಕಲೀತೀಯ. ತೂಬು ಕಾಯೋನು ಸಸಿಮಡಿ ಒಣಗಿಸಿದ ಮೇಲೆ ಆ ಗುದ್ದಲಿ ಮುಟ್ಟಬಾರ್ದು.”

ತಗೊಂಡುಬಿಡೋಣ ಅನ್ನಿಸಿತು. ನಿಜವಾಗಿಯೂ ಕೈ ಚಾಚಿದೆ. ಆದರೆ ಫೋನಿನಲ್ಲಿ ಕೇಳಿದ ಬರಿಗಾಲಿನ ಸದ್ದು ಕಿವಿಯಿಂದ ಹೋಗಿರಲಿಲ್ಲ. ಇನ್ನೊಂದು ಸಲ ಅಂಕಿ ನಿಂತರೆ ಗಿರಣಿಯಲ್ಲಿರುವ ನನ್ನ ಕೈಯಲ್ಲಿ ಬೀಗದ ಕೈ ಇದ್ದು ಏನು ಉಪಯೋಗ? ಓಡುವವರು ಓಣಿಯಲ್ಲಿ ಇರಬೇಕಲ್ಲ!

“ನೀವೇ ಇಟ್ಕೊಳ್ಳಿ ಬು. ಆದ್ರೆ ಅವನ ತೂಬು ಈಗಲೇ ಆಗಬೇಕು. ಈಗ, ನನ್ನ ಕಣ್ಣೆದುರಿಗೆ. ಬುಧವಾರ ಅಲ್ಲ.”

ಮಗುವಿನ ಪಕ್ಕ ಬು ಕಸಿಯಾತಿಯನ್ನು ಕೂರಿಸಿದೆ. “ಕಣ್ಣು ಮಿಟುಕಿಸ್ಬೇಡಿ,” ಎಂದೆ. “ನಿನ್ನೆ ನನ್ನನ್ನ ನುಂಗೋ ಹಾಗೆ ನೋಡ್ದೋಳು ಇವತ್ತು ನನ್ನನ್ನೇ ಕಾವಲಿಗೆ ಇಡ್ತಾಳೆ, ನೋಡು,” ಎಂದರೂ ಮಂಚಕ್ಕೆ ಅಂಟಿಕೊಂಡೇ ಕೂತರು.

ಅಡುಗೆಮನೆಯಲ್ಲಿ ಬು ತರ್ಮಿನಿ ಹೇಳಿದಂತೆ ನಾನೇ ಟೈಪು ಮಾಡಿದೆ. ಪಟ್ಟಿಯಿಂದ ಬರುವುದನ್ನು ಗುರುತು ಹಿಡಿಯುವುದು ಹೇಗೆ, ಅದಕ್ಕೆ ಬೇರೆ ತೂಬು ಕಟ್ಟುವುದು ಹೇಗೆ, ಖಾತ್ರಿ ಎಷ್ಟು, ಸರದಿಯಲ್ಲಿ ಎಷ್ಟನೆಯದು. ಒಂದನೆಯದು. ಶಾಲೆಯ ದಾರಿಗೂ ಮೇಲೆ. ಕಡೆಗೆ ಹೆಸರಿನ ಜಾಗ ಬಂತು. ಪೆಟ್ಟಿಗೆ ಹೆಸರು ಕೊಡದೆ ಮುಂದಕ್ಕೆ ಬಿಡಲಿಲ್ಲ.

ಬು ತರ್ಮಿನಿ ಮುಖ ಆ ಕಡೆ ತಿರುಗಿಸಿಕೊಂಡರು. “ಹೊಸದನ್ನ ಬರೆಯೋಕೆ ಇನ್ನೂ ಒಂದು ದಿನ ಇದೆ. ಹಳೇದನ್ನ ಬರೀಬಾರ್ದು. ಆದ್ರೆ ನಿನ್ನೆ ನಾನು ಅವನನ್ನ ಕರೆದದ್ದು ಹಳೇದ್ರಿಂದಲೇ. ಬಂದದ್ದೂ ಅದಕ್ಕೇ. ಯಾವುದು ಸರಿ ಅಂತ ನನಗೆ ಗೊತ್ತಾಗ್ತಿಲ್ಲ ನ್ದುಕ್. ನಿನಗೆ ಬೇಕಾದ್ದು ಬರಿ. ನಾನು ನೋಡಲ್ಲ.” ನೈಟಿಯ ಅಂಚಿನಿಂದ ಕಣ್ಣೊರೆಸಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹಿಂದಿನ ದಿನವಾಗಿದ್ದರೆ ಹಠಕ್ಕೆ ಹಳೆಯ ಹೆಸರನ್ನೇ ಟೈಪು ಮಾಡುತ್ತಿದ್ದೆ. ಈಗ ‘ಎಡಗಾಲು’ ಎಂದು ಬರೆದೆ. ಪಟ್ಟಿ ಕಟ್ಟಿದ್ದು ಅಲ್ಲಿಗೇ ತಾನೇ?

ಓದಿ ಹೇಳಿದೆ. ಅವರು ತಿರುಗಿ, ಕನ್ನಡಕ ಏರಿಸಿ, ನೋಡಿದರು.

“ಎಡಗಾಲಿಗೆ ಯಾರೂ ನಾಮಕರಣ ಮಾಡಲ್ಲ. ಆಗ್ಬಹುದು,” ಎಂದರು.

ನನಗೆ ಅಷ್ಟು ಸಾಲಲಿಲ್ಲ. ಕೆಲಸ ಮಾಡುತ್ತದೆ ಎಂದು ಹೇಗೆ ನಂಬಲಿ? ಅದನ್ನೇ ಕೇಳಿದೆ. ಅವರು ಕುಂಟುತ್ತ ಮಸೀದಿಗೆ ಹೋದರು. ಸ್ವಲ್ಪ ಹೊತ್ತಿಗೆ ಸಾವಿನ ಸುದ್ದಿ, ಓಣಿಯ ಶ್ರಮದಾನದ ಸುದ್ದಿ ಹೇಳುವ ಧ್ವನಿವರ್ಧಕದಲ್ಲಿ ಅವರ ದನಿ ಬಂತು:

“ಎಲ್ಲ ಮನೆಯವರಿಗೂ ವಿನಂತಿ. ನಾನು ತರ್ಮಿನಿ. ಹನ್ನೊಂದು ಗಂಟೆಗೆ ಸರಿಯಾಗಿ ಮನೇಲಿರೋ ಅಷ್ಟೂ ಮೊಬೈಲು, ಟೀವಿ, ಕಂಪ್ಯೂಟರು ತೆಗೀರಿ. ಒಂದೊಂದ್ರಲ್ಲೂ ಸಿನಿಮಾ ಹಾಕಿ. ಅತಿ ದೊಡ್ಡ ಸಿನಿಮಾ ಹಾಕಿ. ಕಸಿಯಾತಿ ಮಗ ಎಲ್ಲಿದ್ರೂ ಬಂದು ಇಳಿಸ್ಕೊಳ್ಳೋಕೆ ಶುರು ಮಾಡ್ಲಿ. ನಾನು ನಿಲ್ಸಿ ಅನ್ನೋವರೆಗೂ ಯಾರೂ ನಿಲ್ಸಬಾರ್ದು.”

ಹನ್ನೊಂದಕ್ಕೆ ಓಣಿ ಸಂತೆಯಾಯಿತು. ಒಂದು ಮನೆಯಲ್ಲಿ ಕುದುರೆಗಳು ಓಡುತ್ತಿದ್ದವು, ಇನ್ನೊಂದರಲ್ಲಿ ಯಾರೋ ಅಳುತ್ತಿದ್ದರು, ಮತ್ತೊಂದರಲ್ಲಿ ಹಾಡು. ಕ್ರಮೇಣ ಕುದುರೆಗಳು ಮುಗ್ಗರಿಸಿದವು, ಹಾಡು ತುಂಡಾಯಿತು. ಎಲ್ಲ ಮನೆಗಳಿಂದ “ಅಯ್ಯೋ, ನಿಂತ್ಕೊಂಡ್ತು,” ಎಂಬ ಕೂಗು. ಬು ತರ್ಮಿನಿ ಮತ್ತು ನಾನು ಅಡುಗೆಮನೆಯ ನೆಲದ ಮೇಲೆ ಕೂತಿದ್ದೆವು. ನನ್ನ ಮೊಬೈಲು ಇಬ್ಬರ ನಡುವೆ, ಚಾಪೆಯ ಮೇಲೆ. ಅಂಕಿ ತೊಂಬತ್ತೈದು ಇತ್ತು. ತೊಂಬತ್ತೇಳಾಯಿತು. ತೊಂಬತ್ತೈದು. ತೊಂಬತ್ತನಾಲ್ಕು. ತೊಂಬತ್ತೈದು.

ಕಾಲು ಗಂಟೆ ಕಳೆಯಿತು. ನಮ್ಮ ಮನೆಯ ಕಿಟಕಿಯಿಂದ ಬು ಕಸಿಯಾತಿ ಕೂಗಿದರು: “ತರ್ಮಿನೀ, ಸಾಕಾ? ನನ್ನ ಮೊಬೈಲ್ ಮೇಲೆ ಮೊಟ್ಟೆ ಕರೀಬಹುದು ಈಗ!”

“ಸಾಕು ಬು,” ಎಂದೆ ನಾನು. ನನಗೆ ಅಳುವೂ ನಗುವೂ ಒಟ್ಟಿಗೇ ಬರುತ್ತಿತ್ತು. “ನಿಲ್ಸೋಕೆ ಹೇಳಿ.”

ಬು ತರ್ಮಿನಿ ಅಂಕಿಯಿಂದ ಕಣ್ಣು ಕೀಳಲಿಲ್ಲ. ಬಟ್ಟೆ ಸುತ್ತಿದ ಪಾದವನ್ನು ಕೈಯಲ್ಲಿ ಒತ್ತಿ ಹಿಡಿದು, ನನ್ನ ಮಗನ ಏರಿಳಿತವನ್ನು ತುಟಿಯಲ್ಲೇ ಎಣಿಸುತ್ತಿದ್ದರು.

“ಇನ್ನೊಂದು ಸಿನಿಮಾ ಹಾಕು ಅನ್ನು ಅವಳಿಗೆ,” ಎಂದರು.

ಮಸೀದಿಯ ಮಧ್ಯಾಹ್ನದ ಬಾಂಗಿನವರೆಗೆ ಅವರು ಯಾರನ್ನೂ ನಿಲ್ಲಿಸಲು ಬಿಡಲಿಲ್ಲ.